ಪಾಚಿ ತಿನ್ನುವ ಮೀನಿಗೆ ಬಾಡೂಟ ಹಾಕಿದ ಮೇಲೆ: ಹಿಕಾರಿ ಸಿಕ್ಲಿಡ್ ಎಕ್ಸೆಲ್ ಬಳಸಿದ ಅನುಭವ

ಮೊದಲೇ ಹೇಳಿಬಿಡುತ್ತೇನೆ, ಈ ಆಹಾರ ಚೆನ್ನಾಗಿದೆ. ಆದರೆ ಎಲ್ಲ ಸಿಕ್ಲಿಡ್‌ಗೂ ಅಲ್ಲ. ಸಿಕ್ಲಿಡ್ ಅನ್ನುವುದು ಮೀನುಗಳ ಒಂದು ದೊಡ್ಡ ಕುಟುಂಬ, ಅದರಲ್ಲಿ ಪಾಚಿ ತಿನ್ನುವವೂ ಇವೆ, ಮಾಂಸ ತಿನ್ನುವವೂ ಇವೆ. ಪ್ಯಾಕೆಟ್ ಮೇಲೆ ಸಿಕ್ಲಿಡ್ ಅಂತ ಬರೆದಿದೆ ಅಂದ ಮಾತ್ರಕ್ಕೆ ಮಾಂಸ ತಿನ್ನುವ ಆಸ್ಕರ್‌ಗೋ ಫ್ಲವರ್‌ಹಾರ್ನ್‌ಗೋ ತಂದು ಸುರಿಯಬೇಡಿ. ನನಗೆ ಈ ವ್ಯತ್ಯಾಸ ಗೊತ್ತಾಗುವಷ್ಟರಲ್ಲಿ ಎರಡು ಮೀನು ಸತ್ತಿದ್ದವು.

ನಮ್ಮ ಮನೆ ಹಾಸನದಲ್ಲಿ. ಹಾಲ್‌ನಲ್ಲಿ ಮೂರು ಅಡಿ ಉದ್ದದ ಟ್ಯಾಂಕ್, ಸುಮಾರು 180 ಲೀಟರ್ ನೀರು. ಎಲ್ಲೋ ಲ್ಯಾಬ್ ಆರು, ಜೀಬ್ರಾ ಸಿಕ್ಲಿಡ್ ಎಂಟು. ಮಗ ಹಠ ಮಾಡಿ ತರಿಸಿದ್ದು, ಈಗ ಅವನು ತಿರುಗಿಯೂ ನೋಡಲ್ಲ, ನೀರು ಬದಲಾಯಿಸುವುದು ನಾನು. ಇವೆಲ್ಲ ಆಫ್ರಿಕಾದ ಮಲಾವಿ ಸರೋವರದ ಮೀನು. ಅಲ್ಲಿ ಬಂಡೆಗಳ ಮಧ್ಯೆ ಇರುವ ಈ ಗುಂಪಿಗೆ ಎಂಬುನಾ ಅಂತ ಹೆಸರು. ಇವುಗಳಲ್ಲಿ ಹೆಚ್ಚಿನವಕ್ಕೆ ಬಂಡೆಗೆ ಅಂಟಿದ ಪಾಚಿ, ಅದರೊಳಗಿನ ಸಣ್ಣ ಹುಳು ಕೆರೆದು ತಿನ್ನುವುದೇ ಇಡೀ ದಿನದ ಕೆಲಸ. ಸತ್ವ ಕಡಿಮೆ ಇರುವ ಊಟ ಅದು, ಅದನ್ನು ಅರಗಿಸಿಕೊಳ್ಳುವುದಕ್ಕೆ ಅಂತಲೇ ಕರುಳು ಉದ್ದ ಇರುತ್ತದೆ.

ನಾನು ಹಾಕಿದ್ದು ಏನು ಗೊತ್ತಾ? ಅಂಗಡಿಯಲ್ಲಿ ದೊಡ್ಡ ಚೀಲದಿಂದ ಪ್ಲಾಸ್ಟಿಕ್ ಕವರ್‌ಗೆ ತುಂಬಿ ಕೊಡುವ ಕೆಂಪು ಕಾಳು. "ಸಿಕ್ಲಿಡ್ ಅಲ್ವಾ ಮೇಡಂ, ಎಲ್ಲರೂ ಇದನ್ನೇ ಒಯ್ಯೋದು" ಅಂದರು, ತಂದೆ. ಅಂಗಡಿ ಹೆಸರು ಬೇಡ, ಯಾಕೆಂದರೆ ನಾನೂ ಏನೂ ಕೇಳಲಿಲ್ಲ. ಅದರ ಮೇಲೆ ಯಾರೋ ಹೇಳಿದರು, ಹಾರ್ಟ್ ಹಾಕಿದರೆ ಬೇಗ ಬೆಳೆಯುತ್ತವೆ ಅಂತ. ಭಾನುವಾರ ಮಟನ್ ತಂದಾಗ ಕುರಿಯ ಗುಂಡಿಗೆಯನ್ನು ಸಣ್ಣಗೆ ಕೊಚ್ಚಿ ಇವಕ್ಕೂ ಒಂದು ಪಾಲು ಎತ್ತಿಡುತ್ತಿದ್ದೆ. ಪಾಚಿ ತಿನ್ನುವ ಜೀವಕ್ಕೆ ವಾರಕ್ಕೊಂದು ಬಾಡೂಟ! ಸಾಲದ್ದಕ್ಕೆ ನಮ್ಮ ಅತ್ತೆ. ಯಾರಾದರೂ ಟ್ಯಾಂಕ್ ಹತ್ತಿರ ಹೋದರೆ ಸಾಕು, ಹದಿನಾಲ್ಕೂ ಗಾಜಿಗೆ ಬಂದು ಬಾಯಿ ಬಡಿಯುತ್ತವೆ. "ಪಾಪ, ಹಸಿದಿದಾವೆ ಕಣೇ" ಅಂತ ಅವರು ನಾಲ್ಕು ಅಗುಳು ಅನ್ನ ಹಾಕೇ ಹಾಕುತ್ತಿದ್ದರು. ಸಿಕ್ಲಿಡ್‌ಗಳ ಬುದ್ಧಿಯೇ ಹಾಗೆ, ಹೊಟ್ಟೆ ತುಂಬಿದ್ದರೂ ಬೇಡುತ್ತವೆ.

ಒಂದು ದಿನ ಒಂದು ಜೀಬ್ರಾ ಊಟಕ್ಕೆ ಬರಲಿಲ್ಲ. ಮೂಲೆಯಲ್ಲಿ ನಿಂತಿತ್ತು, ಹೊಟ್ಟೆ ಊದಿತ್ತು, ಬಿಳಿ ದಾರದ ಹಾಗೆ ಮಲ. ನಾಲ್ಕನೇ ದಿನಕ್ಕೆ ಹೋಯಿತು, ಅದರ ಹಿಂದೆ ಇನ್ನೊಂದು. ಇದಕ್ಕೆ ಮಲಾವಿ ಬ್ಲೋಟ್ ಅನ್ನುತ್ತಾರೆ. ಇಂಥದ್ದೇ ಒಂದು ಕಾರಣ ಅಂತ ಬೆರಳಿಟ್ಟು ತೋರಿಸಲಾಗದು, ಆದರೆ ಒಗ್ಗದ ಊಟ, ಅತಿಯಾದ ಊಟ, ಕೆಟ್ಟ ನೀರು ಇವು ಸಾಮಾನ್ಯವಾಗಿ ಜೊತೆಗೇ ಇರುತ್ತವೆ. ನಮ್ಮ ಮನೆಯಲ್ಲಿ ಮೂರೂ ಇದ್ದವು.

ಆಮೇಲೆ ತಂದದ್ದು ಈ ಎಕ್ಸೆಲ್. ಹಿಕಾರಿ ಜಪಾನಿನ ಕ್ಯೋರಿನ್ ಕಂಪನಿಯದು. ಹಿಕಾರಿ ಅಂದರೆ ಜಪಾನೀ ಭಾಷೆಯಲ್ಲಿ ಬೆಳಕು ಅಂತೆ. ಅವರದೇ ಸಿಕ್ಲಿಡ್ ಗೋಲ್ಡ್ ಅಂತ ಇನ್ನೊಂದಿದೆ, ಅದು ಮಾಂಸ ತಿನ್ನುವ ಸಿಕ್ಲಿಡ್‌ಗಳಿಗೆ, ಬಣ್ಣ ಏರಲಿ ಅಂತ ಮಾಡಿದ್ದು. ಎಕ್ಸೆಲ್‌ನಲ್ಲಿ ಸ್ಪಿರುಲಿನಾ ಪಾಚಿ, ಗೋಧಿಯ ಮೊಳಕೆ ಭಾಗ ಇರುತ್ತವೆ, ಸೊಪ್ಪುಸದೆ ತಿನ್ನುವ ಮೀನಿಗೆ ಇದು. ಅಂಗಡಿಗೆ ಹೋಗಿ ಬರೀ "ಹಿಕಾರಿ ಸಿಕ್ಲಿಡ್ ಕೊಡಿ" ಅಂದರೆ ಯಾವುದು ಕೈಗೆ ಬರುತ್ತದೋ ಹೇಳಲಾಗದು, ಪೂರ್ತಿ ಹೆಸರು ಓದಿ ತೆಗೆದುಕೊಳ್ಳಿ. ಕಾಳಿನ ಗಾತ್ರವೂ ನೋಡಿ. ಮೂರು ಇಂಚಿನ ಮೀನಿಗೆ ಮಿನಿ ಸಾಕು. ಮೀಡಿಯಂ ತಂದರೆ ಬಾಯಲ್ಲಿ ಹಿಡಿದು ಉಗುಳಿ, ಮತ್ತೆ ಹಿಡಿದು, ಅರ್ಧ ಪುಡಿ ನೀರಿಗೇ ಹೋಗುತ್ತದೆ.

ಈ ಕಾಳು ತೇಲುತ್ತದೆ. ಎಷ್ಟು ಉಳಿಯಿತು ಅಂತ ಕಣ್ಣಿಗೆ ಕಾಣುತ್ತದೆ, ಅದು ಅನುಕೂಲ. ಆದರೆ ನನ್ನ ಮೀನುಗಳು ಮೇಲೆ ಬಂದು ಗಬಗಬ ಅಂತ ಮುಕ್ಕುವುದು ನೋಡಿ ನನಗೆ ಸಮಾಧಾನ ಇರಲಿಲ್ಲ. ಅದಕ್ಕೆ ಒಂದು ಉಪಾಯ ಕಂಡುಕೊಂಡೆ. ಟ್ಯಾಂಕ್ ನೀರನ್ನೇ ಕಾಫಿ ಲೋಟದ ತಳಕ್ಕೆ ಸ್ವಲ್ಪ ತೆಗೆದು (ಆ ಲೋಟ ಈಗ ಮೀನಿಗೇ ಮೀಸಲು) ಅದರಲ್ಲಿ ಒಂದೆರಡು ನಿಮಿಷ ನೆನೆಸಿ, ಬೆರಳಲ್ಲಿ ಒತ್ತಿ, ನೀರಿನೊಳಗೇ ಬಿಡುತ್ತೇನೆ. ಕೆಲವು ಮುಳುಗುತ್ತವೆ, ಕೆಲವು ತೇಲುತ್ತವೆ, ಅಂಜುಬುರುಕ ಮೀನಿಗೂ ಪಾಲು ಸಿಗುತ್ತದೆ. ಯಜಮಾನಿಕೆ ಮಾಡುವ ದೊಡ್ಡ ಗಂಡು ಒಂದಿದೆ, ಅದೊಂದೇ ಎಲ್ಲ ನುಂಗುವುದು ತಪ್ಪಿತು.

ಪ್ರಮಾಣದ ವಿಷಯ. ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟು, ದಿನಕ್ಕೆ ಎರಡು ಸಲ, ಅಷ್ಟೇ. ಉಪ್ಪಿನ ಡಬ್ಬಿಯ ಪುಟ್ಟ ಚಮಚ ಒಂದನ್ನು ಪ್ಯಾಕೆಟ್ ಜೊತೆ ಇಟ್ಟಿದ್ದೇನೆ, ಅದರಲ್ಲಿ ತಲೆ ತಟ್ಟಿದ ಒಂದು ಚಮಚ ಹನ್ನೆರಡು ಮೀನಿಗೆ. ನೋಡಿದರೆ ಏನೇನೂ ಸಾಲದು ಅನಿಸುತ್ತದೆ, ಸಾಲುತ್ತದೆ. ಸೋಮವಾರ ಉಪವಾಸ. ಇದಕ್ಕೆ ಅತ್ತೆ ಒಪ್ಪಿದ್ದು ಸೋಮವಾರ ಅನ್ನುವ ಒಂದೇ ಕಾರಣಕ್ಕೆ. ಗುರುವಾರ ಹಸಿ ಬಟಾಣಿ ಬೇಯಿಸಿ, ಸಿಪ್ಪೆ ತೆಗೆದು, ಚೂರು ಮಾಡಿ ಹಾಕುವುದು ಅವರದೇ ಕೆಲಸ. ಉಪ್ಪು ಹಾಕಬಾರದು ಅಂತ ಎರಡು ಸಲ ಹೇಳಬೇಕಾಯಿತು.

ನೀರಿನ ಬಗ್ಗೆ ಹೇಳದೆ ಊಟದ ಬಗ್ಗೆ ಮಾತಾಡಿ ಪ್ರಯೋಜನ ಇಲ್ಲ. ನಮ್ಮ ಬೋರ್ ನೀರು ಗಡಸು. ಸೋಪು ನೊರೆ ಬರಲ್ಲ, ಬಕೆಟ್ಟಿಗೆ ಬಿಳಿ ಕಲೆ. ಬಟ್ಟೆ ಒಗೆಯಲು ಶಾಪ, ಮಲಾವಿ ಮೀನಿಗೆ ಮಾತ್ರ ತವರು ಮನೆ ನೀರಿದ್ದ ಹಾಗೆ. ಆ ಸರೋವರದ ಪಿಎಚ್ (ನೀರು ಹುಳಿಯೋ ಕ್ಷಾರವೋ ಅಂತ ತೋರಿಸುವ ಅಳತೆ, 7 ದಾಟಿದರೆ ಕ್ಷಾರ) 7.8ರಿಂದ 8.6ರ ಆಸುಪಾಸಿನಲ್ಲಿ ಇರುತ್ತದೆ. ಆದರೆ ಇಲ್ಲೇ ಒಂದು ಅಪಾಯ ಇದೆ. ಮಿಕ್ಕ ಆಹಾರ ಕೊಳೆತರೆ ಮೀನಿಗೆ ವಿಷವಾದ ಅಮೋನಿಯಾ ಹುಟ್ಟುತ್ತದೆ, ಮೀನಿನ ಕಿವಿರಿನಿಂದಲೂ ಬರುತ್ತದೆ. ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡಬೇಕು. ಪಿಎಚ್ ಜಾಸ್ತಿ ಇದ್ದಷ್ಟೂ ಅಮೋನಿಯಾದ ವಿಷಕಾರಿ ಪಾಲು ಜಾಸ್ತಿ, ಗಡಸು ನೀರಿನ ಪಿಎಚ್ ಸಾಮಾನ್ಯವಾಗಿ ಜಾಸ್ತಿಯೇ ಇರುತ್ತದೆ. ಅಂದರೆ ಮೆದು ನೀರಿನಲ್ಲಿ ಹೇಗೋ ತಡೆದುಕೊಳ್ಳುವಷ್ಟು ಕೊಳೆ ನಮ್ಮ ಗಡಸು ನೀರಿನಲ್ಲಿ ಮೀನನ್ನು ಕೊಲ್ಲಬಹುದು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸುತ್ತೇನೆ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕದೆ ಬಿಡಬೇಡಿ. ಫಿಲ್ಟರ್ ಸ್ಪಂಜನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಬೇಡಿ, ಟ್ಯಾಂಕ್‌ನಿಂದ ತೆಗೆದ ನೀರಿನಲ್ಲೇ ಹಿಂಡಿ.

ಹಾಗಾಗಿ ಫಲಿತಾಂಶದ ಪೂರ್ತಿ ಶ್ರೇಯ ಪ್ಯಾಕೆಟ್‌ಗೆ ಕೊಡಲಾರೆ. ಒಂದು ವರ್ಷದಲ್ಲಿ ಒಂದು ಮೀನೂ ಊದಿಕೊಂಡಿಲ್ಲ, ನೀರು ಕೆಂಪಾಗುವುದು ನಿಂತಿತು, ಮಲ ಗಟ್ಟಿಯಾಗಿ ಹಸಿರಾಗಿ ಬರುತ್ತದೆ (ಮೀನು ಸಾಕುವವರು ಮಲ ನೋಡುತ್ತಾರೆ, ನಗಬೇಡಿ). ಎಲ್ಲೋ ಲ್ಯಾಬ್‌ನ ಹಳದಿ ಬಣ್ಣ ಎದ್ದು ಕಾಣುತ್ತದೆ. ಇದರಲ್ಲಿ ಅರ್ಧ ಪುಣ್ಯ ಚಮಚದ್ದು, ಇನ್ನರ್ಧದಲ್ಲಿ ಬಕೆಟ್ಟಿಗೂ ಪಾಲಿದೆ.

ಬೆಲೆ? ಲೂಸ್ ಕಾಳಿನ ನಾಲ್ಕೈದು ಪಟ್ಟು ಬಿತ್ತು ನನಗೆ. ಆದರೆ ಖರ್ಚಾಗುವುದು ಕಡಿಮೆ. ದೊಡ್ಡ ಪ್ಯಾಕೆಟ್ ಅಗ್ಗ ಅಂತ ಆಸೆ ಪಡಬೇಡಿ. ತೆರೆದ ಮೇಲೆ ಗಾಳಿ, ತೇವ ತಾಗಿ ವಿಟಮಿನ್ ಹೋಗುತ್ತದೆ, ಎಣ್ಣೆಯಂಶ ಕಮಟು ಹಿಡಿಯುತ್ತದೆ. ಎರಡು ಮೂರು ತಿಂಗಳಲ್ಲಿ ಮುಗಿಯುವಷ್ಟೇ ತನ್ನಿ. ಮಳೆಗಾಲದಲ್ಲಿ ಸಕಲೇಶಪುರ, ಮೂಡಿಗೆರೆ ಕಡೆಯವರು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಿ, ಅಲ್ಲಿ ಹಪ್ಪಳಕ್ಕೇ ಬೂಸ್ಟು ಬರುತ್ತದೆ.

ಒಂದು ಗಾಬರಿ ಆಗಿತ್ತು, ಹೇಳಲೇಬೇಕು. ಒಂದು ಹೆಣ್ಣು ಇದ್ದಕ್ಕಿದ್ದ ಹಾಗೆ ಊಟ ಬಿಟ್ಟಿತು, ಮತ್ತೆ ಬ್ಲೋಟ್ ಅಂದುಕೊಂಡೆ. ಹೊಟ್ಟೆ ಊದಿರಲಿಲ್ಲ, ಗಂಟಲು ಉಬ್ಬಿತ್ತು. ಮೊಟ್ಟೆ ಬಾಯಲ್ಲಿ ಇಟ್ಟುಕೊಂಡಿತ್ತು! ಈ ಮೀನು ಮೂರು ವಾರದಷ್ಟು ಹಾಗೆಯೇ ಮರಿಗಳನ್ನು ಬಾಯಲ್ಲಿ ಕಾಯುತ್ತದೆ, ಊಟ ಇಲ್ಲ. ಅದು ತಿನ್ನಲಿಲ್ಲ ಅಂತ ಜಾಸ್ತಿ ಹಾಕಿದರೆ ಉಳಿದವು ತಿಂದು ಕೆಡುತ್ತವೆ, ಸುಮ್ಮನೆ ಬಿಟ್ಟುಬಿಡಿ. "ಬಾಣಂತಿಗೆ ಊಟ ಇಲ್ಲವಾ?" ಅಂತ ಅತ್ತೆ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಇನ್ನು ಕೊಳದವರಿಗೆ. ಅಕ್ಕನ ಮನೆ ಮೂಡಿಗೆರೆ ಹತ್ತಿರ, ಕಾಫಿ ತೋಟ. ಭಾವ ಕಣದ ಪಕ್ಕದ ಸಿಮೆಂಟ್ ತೊಟ್ಟಿಗೆ ನಾಲ್ಕು ಆಸ್ಕರ್ ಬಿಟ್ಟಿದ್ದರು. ಡಿಸೆಂಬರ್ ಚಳಿಗೆ ಅವು ತಿನ್ನುವುದು ಬಿಟ್ಟವು, ಇವರು ಹಾಕುವುದು ಬಿಡಲಿಲ್ಲ, ತೊಟ್ಟಿ ನಾರಿತು. ನೀರು ತಣ್ಣಗಾದರೆ ಮೀನಿನ ಮೈಯೂ ತಣ್ಣಗೆ, ಅರಗುವುದು ನಿಧಾನ. ಆಸ್ಕರ್‌ಗೆ 25 ಡಿಗ್ರಿ ಸುತ್ತ ಬೇಕು, ಒಂದೊಂದೂ ಒಂದು ಅಡಿ ಬೆಳೆಯುತ್ತದೆ, ಈಗ ಒಳಗೆ ಹೀಟರ್ ಹಾಕಿದ ದೊಡ್ಡ ಟ್ಯಾಂಕ್‌ನಲ್ಲಿವೆ. ಅಮೆಜಾನ್ ಕಡೆಯ ಮೀನಾದ್ದರಿಂದ ಹಳ್ಳದ ಮೆದು ನೀರು ಅವಕ್ಕೆ ಒಗ್ಗಿದೆ. ತೊಟ್ಟಿಯಲ್ಲಿ ಈಗ ಜಿಲೇಬಿ ಮೀನು, ಅಂದರೆ ತಿಲಾಪಿಯಾ. ಅದೂ ಸಿಕ್ಲಿಡ್ಡೇ, 1952ರಲ್ಲಿ ನಮ್ಮ ದೇಶಕ್ಕೆ ತಂದದ್ದು. ಅದಕ್ಕೆ ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಾಕು, ಜಪಾನಿನ ಕಾಳು ಬೇಡ. ಮರಿ ಹಾಕಿ ಹಾಕಿ ತೊಟ್ಟಿ ತುಂಬಿಸುತ್ತದೆ ಅನ್ನುವುದೇ ತಲೆನೋವು. ಹಳ್ಳಕ್ಕೆ, ಕೆರೆಗೆ ಮಾತ್ರ ಬಿಡಬೇಡಿ ಅಂತ ಭಾವನಿಗೆ ಹೇಳಿ ಬಂದಿದ್ದೇನೆ.

ಹೋದ ವಾರ ಫೋನ್ ಮಾಡಿದ್ದರು, "ನಿನ್ನ ಆ ಹಸಿರು ಕಾಳು ಆಸ್ಕರ್‌ಗೂ ಸ್ವಲ್ಪ ಕಳಿಸಮ್ಮ" ಅಂತ. ಕಳಿಸಲಿಲ್ಲ. ಸಿಕ್ಲಿಡ್ ಗೋಲ್ಡ್ ಲಾರ್ಜ್ ಅಂತ ಚೀಟಿಯಲ್ಲಿ ಬರೆದು ಅಕ್ಕನ ಕೈಗೆ ಕೊಟ್ಟೆ.