ಶಿಫ್ಟ್ ಕೆಲಸ ಹಂಚೋಕೆ ಯಾವುದು ವಾಸಿ: ಔಟ್‌ಲುಕ್, ಎಕ್ಸೆಲ್, ಪವರ್ ಆಟೊಮೇಟ್?

ಶಿಫ್ಟ್‌ನಲ್ಲಿ ಕೆಲಸ ದಿನಾ ಅದೇ, ಮಾಡುವವರು ಮಾತ್ರ ಬೇರೆ. ಮೂರನ್ನೂ ಬಳಸಿ ನೋಡಿದಾಗ ನಾನು ಗಮನಿಸಿದ್ದು ಇದೊಂದನ್ನೇ: ಆಳು ಬದಲಾದಾಗ ಯಾವುದು ತಾನಾಗಿ ಹೊಂದಿಕೊಳ್ಳುತ್ತದೆ?

ಹಳೆಯ ಔಟ್‌ಲುಕ್ ಹೊಂದಿಕೊಳ್ಳುವುದಿಲ್ಲ. ರಿಕರಿಂಗ್ ಟಾಸ್ಕ್, ಅಂದರೆ ಮತ್ತೆ ಮತ್ತೆ ಬರುವ ಕೆಲಸ, ಒಬ್ಬರಿಗೆ ಕೊಟ್ಟರೆ ಅದು ಅವರ ಹೆಸರಿಗೇ ಅಂಟಿಕೊಳ್ಳುತ್ತದೆ. ಒಂದೇ ಸಲದ ಟಾಸ್ಕ್ ಆದರೆ ಅದರ ನಕಲು ನಮ್ಮ ಪಟ್ಟಿಯಲ್ಲೂ ಉಳಿಯುತ್ತದೆ, ಕೆಲಸ ಆಯ್ತಾ ಅಂತ ನೋಡಬಹುದು. ರಿಕರಿಂಗ್‌ಗೆ ಅದೂ ಇಲ್ಲ. ಶಿಫ್ಟ್ ಬದಲಾಗದವರಿಗೆ ಸಾಕು, ಅಷ್ಟೇ.

ಎಕ್ಸೆಲ್ ಹಾಗಲ್ಲ. ಇವತ್ತಿನ ತಾರೀಖಿನಿಂದ ಶುರುವಾದ ತಾರೀಖು ಕಳೆದು, ಮಾಡ್ (MOD) ಫಂಕ್ಷನ್‌ನಲ್ಲಿ ಜನರ ಸಂಖ್ಯೆಯಿಂದ ಭಾಗಿಸಿ, ಶೇಷಕ್ಕೆ ಒಂದು ಕೂಡಿಸಿ, ಪಟ್ಟಿಯಲ್ಲಿ ಇಷ್ಟನೆಯ ಹೆಸರು ಯಾವುದು ಅಂತ ಹೇಳುವ ಇಂಡೆಕ್ಸ್ (INDEX) ಫಂಕ್ಷನ್‌ಗೆ ಕೊಟ್ಟರೆ ಸರದಿಯ ಹೆಸರು ಬರುತ್ತದೆ. 5 ಜನ, 12 ದಿನ ಕಳೆದಿದೆ ಅಂದರೆ ಶೇಷ 2, ಅಂದರೆ ಮೂರನೆಯವರು. ಚೆಂದ ಅಲ್ವಾ? ತೊಡಕು ರಾತ್ರಿ ಪಾಳಿಯಲ್ಲಿದೆ. ಹನ್ನೆರಡು ದಾಟಿದ ಮೇಲೆ ಶೀಟ್ ಮತ್ತೆ ಲೆಕ್ಕ ಹಾಕಿದಾಗ, ಇವತ್ತಿನ ತಾರೀಖು ಕೊಡುವ ಟುಡೇ ಫಂಕ್ಷನ್ ಬದಲಾಗಿ, ಅರ್ಧ ಮುಗಿದ ಕೆಲಸದ ಮುಂದೆ ಇನ್ನೊಬ್ಬರ ಹೆಸರು ಬಂದು ಕೂರುತ್ತದೆ. ತಾರೀಖಿನ ಜೊತೆ ಸಮಯವನ್ನೂ ಕೊಡುವ ನೌ (NOW) ಫಂಕ್ಷನ್‌ನಿಂದ 6/24, ಅಂದರೆ ಆರು ಗಂಟೆ, ಕಳೆದು, ದಶಮಾಂಶ ಕತ್ತರಿಸುವ ಇಂಟ್ (INT) ಹಾಕಿದರೆ ದಿನ ಬೆಳಿಗ್ಗೆ 6ಕ್ಕೆ ಬದಲಾಗುತ್ತದೆ. ರಜೆ ಇನ್ನೂ ಜಾಸ್ತಿ ಕಾಟ. ರಜೆ ಹಾಕಿದವರ ಹೆಸರು ಪಟ್ಟಿಯಿಂದ ತೆಗೆದರೆ ಭಾಜಕವೇ ಬದಲಾಗಿ ಎಲ್ಲರ ಸರದಿಯೂ ಕಲಸಿಹೋಗುತ್ತದೆ. ಅದಕ್ಕೇ ಪಕ್ಕದಲ್ಲಿ 'ಬದಲಿ' ಅಂತ ಒಂದು ಕಾಲಂ ಬೇಕು. ಅಲ್ಲಿ ಹೆಸರಿದ್ದರೆ ಅದೇ ಅಂತಿಮ.

ಇಷ್ಟಾದರೂ ಎಕ್ಸೆಲ್ ಯಾರನ್ನೂ ಕರೆದು ಹೇಳುವುದಿಲ್ಲ. ಕೆಲಸಗಳನ್ನು ತಾನಾಗಿ ಓಡಿಸುವ ಮೈಕ್ರೋಸಾಫ್ಟ್‌ನ ಪವರ್ ಆಟೊಮೇಟ್ ಹೇಳುತ್ತದೆ: ಶೀಟ್ ಓದಿ, ಪ್ಲಾನರ್‌ನಲ್ಲಿ (ಮೈಕ್ರೋಸಾಫ್ಟ್‌ನ ಟಾಸ್ಕ್ ಪಟ್ಟಿಯ ಆ್ಯಪ್) ಟಾಸ್ಕ್ ಮಾಡಿ, ಸರಿಯಾದವರಿಗೆ ಹಚ್ಚುತ್ತದೆ. ಆದರೆ ಹಟಮಾರಿ. ಡೇಟಾ ಟೇಬಲ್ ರೂಪದಲ್ಲೇ ಇರಬೇಕು. ಟೈಮ್ ಝೋನ್ ನಾವೇ ಆರಿಸದಿದ್ದರೆ ಯುಟಿಸಿ, ಅಂದರೆ ನಮ್ಮದಕ್ಕಿಂತ ಐದೂವರೆ ಗಂಟೆ ಹಿಂದಿನ ಅಂತರರಾಷ್ಟ್ರೀಯ ಸಮಯ, ಹಿಡಿಯುತ್ತದೆ. 2024ರ ಜನವರಿ 1 ಅಂತ ಬರೆದಿದ್ದು 45292 ಅಂತ ಬರುತ್ತದೆ, ಎಕ್ಸೆಲ್ ಒಳಗೊಳಗೆ ತಾರೀಖನ್ನು ಇಡುವ ಕ್ರಮಸಂಖ್ಯೆ ಅದು. ಡೇಟ್‌ಟೈಮ್ ಫಾರ್ಮ್ಯಾಟನ್ನು ಐಎಸ್‌ಒ 8601ಕ್ಕೆ (ವರ್ಷ-ತಿಂಗಳು-ದಿನ ಅಂತ ಬರೆಯುವ ರೂಪ) ಬದಲಿಸಬೇಕು. ಎಲ್ಲಕ್ಕಿಂತ ಕಳ್ಳ ಸಮಸ್ಯೆ, ಟೇಬಲ್‌ನಿಂದ 256 ಸಾಲು ಮಾತ್ರ ತರುವ ಮಿತಿ. ದಿನಕ್ಕೆ 3 ಪಾಳಿಯಂತೆ ವರ್ಷದ ಪಟ್ಟಿ 1095 ಸಾಲು. ಮುಂದಿನ ಸಾಲುಗಳನ್ನೂ ತರಿಸುವ ಪೇಜಿನೇಶನ್ ಸೆಟ್ಟಿಂಗ್ ಆನ್ ಮಾಡದೆ ಪಟ್ಟಿ ತರಿಸಿದರೆ ಮೊದಲ 85 ದಿನ ಏನೂ ಗೊತ್ತಾಗುವುದಿಲ್ಲ. ಆಮೇಲೆ ಟಾಸ್ಕ್ ಬರುವುದೇ ನಿಲ್ಲುತ್ತದೆ, ಎರರ್ ಕೂಡ ತೋರಿಸುವುದಿಲ್ಲ.

ಗೂಗಲ್ ಶೀಟ್ಸ್‌ನ ಆ್ಯಪ್ಸ್ ಸ್ಕ್ರಿಪ್ಟ್ ಕೂಡ ಇದನ್ನೆಲ್ಲ ಮಾಡುತ್ತದೆ, ಕೋಡ್ ಬರೆಯುವವರಿದ್ದರೆ. ದಿನಾ ಅದನ್ನು ಓಡಿಸುವ ಟ್ರಿಗರ್‌ಗೆ ಹೆಚ್ಚುಕಡಿಮೆ ಇಂಥ ಹೊತ್ತಿಗೆ ಅಂತ ಹೇಳಬಹುದೇ ಹೊರತು ಸರಿಯಾಗಿ ಇಂಥ ನಿಮಿಷಕ್ಕೆ ಅಂತ ಹೇಳಲಾಗದು. ಪಾಳಿ ಬದಲಾಗುವ ಹೊತ್ತಿಗೆ ಅದು ನನಗೆ ಸರಿಬರಲಿಲ್ಲ.

ನಾನು ಉಳಿಸಿಕೊಂಡಿದ್ದು ಎಕ್ಸೆಲ್ ಮತ್ತು ಪವರ್ ಆಟೊಮೇಟ್ ಜೋಡಿಯನ್ನು. ಯಾರು ಅಂತ ತೀರ್ಮಾನಿಸುವುದು ಶೀಟ್, ತಲುಪಿಸುವುದು ಫ್ಲೋ, ಅಂದರೆ ಪವರ್ ಆಟೊಮೇಟ್‌ನಲ್ಲಿ ಜೋಡಿಸಿಟ್ಟ ಹೆಜ್ಜೆಗಳು. ಸೂಪರ್‌ವೈಸರ್ 'ಬದಲಿ' ಕಾಲಂ ತುಂಬಿದರೆ ಆಯ್ತು, ಫ್ಲೋ ಮುಟ್ಟಬೇಕಿಲ್ಲ. 6, 14, 22 ಗಂಟೆಯ ಪಾಳಿಗಳಿಗೆ ಅದನ್ನು 5:30, 13:30, 21:30ಕ್ಕೆ ಓಡಿಸುತ್ತೇನೆ. ರಾತ್ರಿಯ ಟಾಸ್ಕ್ ಹನ್ನೆರಡಕ್ಕೆ ಮುಂಚೆಯೇ ಕೈಸೇರುವುದರಿಂದ ಆ 6/24ರ ಕಸರತ್ತೂ ಬೇಡವಾಯ್ತು.