ಸಾವಿರ ಪಟ್ಟು, ಆದರೆ ಯಾವ ಗೋಡೆಯ ಮೇಲೆ? ಒಂದು ಯುಎಸ್‌ಬಿ ಸೂಕ್ಷ್ಮದರ್ಶಕದ ವಿಮರ್ಶೆ

ಪೆಟ್ಟಿಗೆಯ ಮೇಲೆ ದಪ್ಪ ಕೆಂಪು ಅಕ್ಷರಗಳಲ್ಲಿ ‘1000 ಪಟ್ಟು’ ಎಂದು ಅಚ್ಚಾಗಿತ್ತು. ನಾಲ್ಕು ಮತ್ತು ಐದನೆಯ ತರಗತಿಯ ಮಕ್ಕಳಿಗೆ ವಾರಕ್ಕೊಮ್ಮೆ, ಪಠ್ಯದ ಹೊರಗೆ ನಾನು ನಡೆಸುವ ವಿಜ್ಞಾನ ತರಗತಿಗೆಂದು ತರಿಸಿದ ಯುಎಸ್‌ಬಿ ಸೂಕ್ಷ್ಮದರ್ಶಕ ಇದು. ಟಾರ್ಚಿನ ಆಕಾರ, ತುದಿಯಲ್ಲಿ ಮಸೂರದ ಸುತ್ತ ಎಂಟು ಪುಟ್ಟ ಎಲ್‌ಇಡಿ ದೀಪಗಳು, ನಡುವೆ ತಿರುಗಿಸುವ ಒಂದು ಚಕ್ರ. ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಕ್ಯಾಮೆರಾದಂತೆ ತೆರೆದುಕೊಳ್ಳುತ್ತದೆ. ಇಂಥದ್ದೇ ಉಪಕರಣ ಹತ್ತಾರು ಹೆಸರುಗಳಲ್ಲಿ ಸಿಗುವುದರಿಂದ ತಯಾರಕರ ಹೆಸರು ಇಲ್ಲಿ ಮುಖ್ಯವಲ್ಲ. ಆರು ತಿಂಗಳು ಬಳಸಿದ ಮೇಲೆ ಬರೆಯುತ್ತಿದ್ದೇನೆ.

ಜೊತೆಗೆ ಇಪ್ಪತ್ತು ಚಟುವಟಿಕೆ ಕಾರ್ಡುಗಳು ಬಂದವು. ಪ್ರತಿಯೊಂದರ ನೆತ್ತಿಯ ಮೇಲೂ ‘ಅನ್ವೇಷಣೆ ಆಧಾರಿತ ಕಲಿಕೆ’ ಎಂಬ ಪಟ್ಟಿ. ಮುಂದೆ ಪ್ರಶ್ನೆ, ಹಿಂದೆ ಬಣ್ಣದ ಚಿತ್ರದೊಡನೆ ಉತ್ತರ. ಮೊದಲ ದಿನ ಹಂಚಿದೆ. ಮೂರೇ ನಿಮಿಷದಲ್ಲಿ ಎಲ್ಲರೂ ಕಾರ್ಡು ಮಗುಚಿ, ಉತ್ತರ ಓದಿ, ಕಿಟಕಿಯ ಕಡೆ ನೋಡುತ್ತಿದ್ದರು. ಆ ಕಾರ್ಡುಗಳ ಕಟ್ಟು ಈಗ ಅಲುಗಾಡುವ ಸ್ಟ್ಯಾಂಡಿನ ಅಡಿಯಲ್ಲಿ ಒತ್ತಾಗಿ ಕೂತಿದೆ. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತಿದೆ.

ಎರಡನೆಯ ವಾರ ಒಬ್ಬ ಹುಡುಗಿ ಪೆಟ್ಟಿಗೆಯನ್ನು ತಿರುಗಿಸಿ ನೋಡುತ್ತ ಕೇಳಿದಳು: “ಮಿಸ್, ಇದು ನಿಜವಾಗಿಯೂ ಸಾವಿರ ಪಟ್ಟು ದೊಡ್ಡದು ಮಾಡುತ್ತದೆಯೇ?” ಉತ್ತರ ನನ್ನ ನಾಲಗೆಯ ತುದಿಯಲ್ಲಿತ್ತು, ನುಂಗಿಕೊಂಡೆ. “ಗೊತ್ತು ಮಾಡಿಕೊಳ್ಳುವುದು ಹೇಗೆ?” ಎಂದಷ್ಟೇ ಕೇಳಿದೆ. ಒಂದಿಷ್ಟು ಗದ್ದಲದ ನಂತರ ಯಾರೋ ಮಸೂರದ ಕೆಳಗೆ ಪ್ಲಾಸ್ಟಿಕ್ ಸ್ಕೇಲನ್ನು ತಳ್ಳಿದರು. ಚಕ್ರವನ್ನು ಕೊನೆಯವರೆಗೆ ತಿರುಗಿಸಿದಾಗ ಪರದೆಯಲ್ಲಿ ಎರಡೇ ಗೆರೆಗಳು ಕಂಡವು, ನಡುವೆ ಒಂದು ಮಿಲಿಮೀಟರ್. ಇನ್ನೊಂದು ಸ್ಕೇಲಿನಿಂದ ಪರದೆಯ ಮೇಲೆ ಅಳೆದರೆ 16 ಸೆಂಟಿಮೀಟರ್. ಅಂದರೆ 160 ಪಟ್ಟು. “ಸುಳ್ಳು ಬರೆದಿದ್ದಾರೆ!” ಎಂದು ಇಡೀ ಕೋಣೆಯೇ ಕೂಗಿತು.

ಅಷ್ಟರಲ್ಲಿ ಸದಾ ಹಿಂದಿನ ಬೆಂಚಿನಲ್ಲಿ ಕೂರುವ ಹುಡುಗ ಪ್ರೊಜೆಕ್ಟರಿನ ಕಡೆ ಕೈ ತೋರಿಸಿದ. ಅದನ್ನು ಹಿಂದಕ್ಕೆ ಎಳೆದಂತೆಲ್ಲ ಗೋಡೆಯ ಮೇಲಿನ ಎರಡು ಗೆರೆಗಳು ದೂರ ಸರಿದವು. ನಡುವಿನ ಅಂತರ ಒಂದು ಮೀಟರ್ ಆಗುವವರೆಗೂ ಬಿಡಲಿಲ್ಲ. ಸಾವಿರ ಪಟ್ಟು! ಹಾಗಾದರೆ ಪೆಟ್ಟಿಗೆ ಸುಳ್ಳು ಹೇಳಿರಲಿಲ್ಲ, ಗೋಡೆ ಎಷ್ಟು ದೂರವಿರಬೇಕೆಂದು ಹೇಳಿರಲಿಲ್ಲ, ಅಷ್ಟೆ. ಆದರೆ ಹತ್ತಿರ ಹೋಗಿ ನೋಡಿದವರಿಗೆ ಗೆರೆಯ ಅಂಚು ಮಸುಕಾಗಿ ಕಂಡಿತು. ಲ್ಯಾಪ್‌ಟಾಪಿನಲ್ಲಿ ಕಾಣದ ಒಂದು ಚುಕ್ಕೆಯೂ ಗೋಡೆಯಲ್ಲಿ ಹೊಸದಾಗಿ ಕಂಡಿರಲಿಲ್ಲ. ದೊಡ್ಡದಾಗುವುದು ಬೇರೆ, ಸ್ಪಷ್ಟವಾಗುವುದು ಬೇರೆ ಎಂಬ ಮಾತು ಮಕ್ಕಳ ಬಾಯಿಂದಲೇ ಬಂತು. ಕೊಳ್ಳುವವರೂ ಆ ಸಂಖ್ಯೆಯನ್ನು ಬಿಟ್ಟು, ಒಂದು ಮಿಲಿಮೀಟರ್ ಅಂತರ ಎಷ್ಟು ಚೊಕ್ಕವಾಗಿ ಕಾಣುತ್ತದೆ ಎಂದು ನೋಡಲಿ.

ಮುಂದಿನ ಮೂರು ವಾರ ನುಂಗಿದ್ದು ನನ್ನ ಮೊಬೈಲು. ಅದರಲ್ಲಿ ಬಿಳಿ ಪುಟವನ್ನು ತೆರೆದು ಪರದೆಯ ಮೇಲೆ ಉಪಕರಣವನ್ನು ಇಟ್ಟರೆ (ಎಲ್‌ಇಡಿಗಳನ್ನು ಆರಿಸಿಯೇ ಇಡಬೇಕು, ಇಲ್ಲದಿದ್ದರೆ ಗಾಜಿನ ಮೇಲೆ ಎಂಟು ಚಂದ್ರರು ಹೊಳೆಯುತ್ತಾರೆ) ಬಿಳಿಯೇ ಇಲ್ಲ! ಕೆಂಪು, ಹಸಿರು, ನೀಲಿ ತುಣುಕುಗಳಷ್ಟೇ. ನನ್ನ ಮೊಬೈಲು ಕೆಟ್ಟಿದೆ ಎಂದು ತೀರ್ಪಾಯಿತು. ಇನ್ನೆರಡು ಮೊಬೈಲುಗಳನ್ನು ನೋಡಿದ ಮೇಲೆ ತೀರ್ಪು ರದ್ದಾಯಿತು. ತುಣುಕುಗಳ ಜೋಡಣೆ ಮಾತ್ರ ಒಂದರಲ್ಲಿದ್ದಂತೆ ಇನ್ನೊಂದರಲ್ಲಿ ಇರಲಿಲ್ಲ. ಪತ್ರಿಕೆಯ ಬಣ್ಣದ ಚಿತ್ರದಲ್ಲಿ ಹುಡುಕಿದಾಗ ತಿಳಿನೀಲಿ, ಕೆನ್ನೇರಳೆಗೆಂಪು, ಹಳದಿ, ಕಪ್ಪು ಚುಕ್ಕೆಗಳು. ಅಲ್ಲಿ ಬಿಳಿ ಎಂದರೆ ಏನೂ ಅಚ್ಚಾಗದ ಕಾಗದ, ಇಲ್ಲಿ ಬಿಳಿ ಎಂದರೆ ಮೂರೂ ಬಣ್ಣ ಒಟ್ಟಿಗೆ ಬೆಳಗುವುದು. ಇದನ್ನು ನಾನು ಹೇಳಿಕೊಟ್ಟಿದ್ದರೆ ಐದು ನಿಮಿಷ ಸಾಕಿತ್ತು. ಹೇಳಿಕೊಡದೆ ಇರಲು ಮೂರು ವಾರ ಹಿಡಿಯಿತು, ಬಾಯಿ ಮುಚ್ಚಿಕೊಂಡಿರುವ ಕಷ್ಟ ನನಗೇ ಗೊತ್ತು.

ದೋಷಗಳೂ ಇವೆ. ಉಪಕರಣದ ಮೇಲಿನ ಗುಂಡಿ ಒತ್ತಿ ಫೋಟೊ ತೆಗೆದರೆ ಚಿತ್ರ ಅಲುಗುತ್ತದೆ, ಕಂಪ್ಯೂಟರಿನ ಗುಂಡಿಯನ್ನೇ ಒತ್ತಬೇಕು. ಹಿಗ್ಗಿಸುವುದಕ್ಕೂ ಸ್ಪಷ್ಟಗೊಳಿಸುವುದಕ್ಕೂ ಚಕ್ರ ಒಂದೇ ಆದ್ದರಿಂದ ಮೊದಮೊದಲು ಮಕ್ಕಳು ಸಿಡುಕುತ್ತಾರೆ. ಮೊನಚಾದ ದೂರು ಇನ್ನೊಂದಿದೆ: ಬೆಳಕು ಮೇಲಿನಿಂದ ಮಾತ್ರ ಬೀಳುವುದರಿಂದ ಕೊಳದ ನೀರಿನ ಜೀವಿಗಳಿಗೆ ಇದು ಏನೇನೂ ಸಾಲದು. 1670ರ ದಶಕದಲ್ಲಿ ಡಚ್ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ಅವುಗಳನ್ನು ಕಂಡದ್ದು ಒಂದೇ ಪುಟ್ಟ ಮಸೂರದಿಂದ, ಬೆಳಕಿಗೆ ಎದುರಾಗಿ ಹಿಡಿದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮನು ಪ್ರಕಾಶ್ ಅವರ ತಂಡ ರೂಪಿಸಿದ ಕಾಗದದ ಸೂಕ್ಷ್ಮದರ್ಶಕ ‘ಫೋಲ್ಡ್‌ಸ್ಕೋಪ್’ ಕೂಡ ಅದೇ ದಾರಿಯದು, 140 ಪಟ್ಟು ಹಿಗ್ಗಿಸುತ್ತದೆ. ನೀರಿನ ಹನಿಗೆ ಅದನ್ನೇ ಕೊಳ್ಳಿ. ಆದರೆ ಅದನ್ನು ಕಣ್ಣಿಗೆ ಹಿಡಿದು ನೋಡುವಾಗ ಒಂದು ಸಲಕ್ಕೆ ಒಂದೇ ಕಣ್ಣು ನೋಡಬಲ್ಲದು. ನನ್ನ ತರಗತಿಯ ಜಗಳಗಳೆಲ್ಲ ಹುಟ್ಟಿದ್ದು ಹತ್ತು ಮಂದಿ ಒಂದೇ ಪರದೆಯನ್ನು ನೋಡುತ್ತಿದ್ದುದರಿಂದ, ಆ ಜಗಳಗಳಿಗಾಗಿಯೇ ಇದನ್ನು ಮತ್ತೆ ಕೊಳ್ಳುತ್ತೇನೆ.

ಹತ್ತಕ್ಕಿಂತ ಹೆಚ್ಚು ಮಕ್ಕಳಿದ್ದರೆ ಎರಡು ಬೇಕು. ಎರಡನೆಯದಕ್ಕೆ ಹೇಳಿದ್ದೇನೆ, ಲೋಹದ ಸ್ಟ್ಯಾಂಡ್ ಇರುವುದು. ಅದರ ಪೆಟ್ಟಿಗೆಯ ಮೇಲೆ 1600 ಪಟ್ಟು ಎಂದಿದೆಯಂತೆ. ಮಕ್ಕಳು ಈಗಲೇ ಪ್ರೊಜೆಕ್ಟರನ್ನು ಎಲ್ಲಿಡಬೇಕೆಂದು ಲೆಕ್ಕ ಹಾಕುತ್ತಿದ್ದಾರೆ.