ಮಹಡಿಯ ಕಂಪ್ಯೂಟರಿಗೆ ನೆಟ್: ರಿಪೀಟರ್, ಡಾಂಗಲ್, ಕೊನೆಗೆ ವೈರು

ದಾವಣಗೆರೆ ನಿಟುವಳ್ಳಿಯ ನಮ್ಮ ಮನೆಯಲ್ಲಿ ಫೈಬರ್ ಬಂದು ಇಳಿಯುವುದು ಕೆಳಗಿನ ಹಾಲಿನಲ್ಲಿ, ಟಿವಿ ಪಕ್ಕಕ್ಕೆ. ನಾನು ಕೂತು ಕೆಲಸ ಮಾಡುವುದು ಮಹಡಿಯ ಹಿಂದಿನ ಕೋಣೆಯಲ್ಲಿ. ಮಧ್ಯೆ ಒಂದು ಆರ್‌ಸಿಸಿ ಸ್ಲ್ಯಾಬು, ಎರಡು ಗೋಡೆ, ಅಮ್ಮನ ಮದುವೆ ಕಾಲದ ಕಬ್ಬಿಣದ ಬೀರು. ಮಂಡಿಪೇಟೆಯ ಹತ್ತು ಹನ್ನೆರಡು ಅಂಗಡಿಗಳ ಜಿಎಸ್‌ಟಿ ಲೆಕ್ಕ ನೋಡುವುದು ನನ್ನ ಕಸುಬು. ದುಡ್ಡು ಕಟ್ಟುವುದು 200 ಎಂಬಿಪಿಎಸ್ ಪ್ಲಾನಿಗೆ, ಸಂಜೆ ಹೊತ್ತು ಮೇಲೆ ಸಿಗುತ್ತಿದ್ದದ್ದು ಹದಿನಾಲ್ಕೋ ಹದಿನೈದೋ.

ಕಂಪನಿಗೆ ಫೋನ್ ಮಾಡಿದರೆ ಒಂದೇ ಮಂತ್ರ: ರೌಟರ್ ಆಫ್ ಮಾಡಿ ಆನ್ ಮಾಡಿ ಸಾರ್. ಎರಡನೇ ಸಲ ಮಾಡಿದಾಗ, ಇನ್ನೂ ದೊಡ್ಡ ಪ್ಲಾನ್ ತಗೊಳ್ಳಿ ಎಂದರು. ಇಂಜಿನಿಯರಿಂಗ್ ಓದುವ ಅಕ್ಕನ ಮಗ ರಜಕ್ಕೆ ಬಂದಿದ್ದ. ಅವನು ಮೊದಲು ಮಾಡಿದ್ದು ನಾನು ಮಾಡಬೇಕಿದ್ದ ಕೆಲಸ. ಲ್ಯಾಪ್‌ಟಾಪನ್ನು ಕೆಳಗೆ ಒಯ್ದು, ಒಂದು ಮೊಳದ ಕೇಬಲ್‌ನಿಂದ ನೇರ ರೌಟರಿಗೆ ಚುಚ್ಚಿ ನೋಡಿದ. 190 ದಾಟಿತು. "ಮಾವ, ಲೈನ್ ಚೆನ್ನಾಗೈತೆ. ಮಟ್ಟಿಲು ಹತ್ತೋವಾಗ ಸೋರಿ ಹೋಗ್ತೈತೆ ಅಷ್ಟೇ." ಕಂಪನಿಯವರನ್ನು ಅಷ್ಟು ದಿನ ಬೈದದ್ದು ದಂಡ.

ಡಿಎನ್‌ಎಸ್ ಬದಲಿಸು ಅಂತ ಗೆಳೆಯನೊಬ್ಬ ಹೇಳಿದ್ದ. 8.8.8.8 ಹಾಕಿದೆ, ಆಮೇಲೆ 1.1.1.1 ಹಾಕಿದೆ. ಡಿಎನ್‌ಎಸ್ ಮಾಡುವುದು ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿ ಕೊಡುವ ಕೆಲಸ. ಅದು ಸೋಮಾರಿಯಾಗಿದ್ದರೆ ಪುಟ ತೆರೆಯಲು ಶುರುವಾಗುವುದು ತಡವಾಗುತ್ತದೆ. ಫೈಲ್ ಇಳಿಯುವ ವೇಗಕ್ಕೂ ಅದಕ್ಕೂ ಸಂಬಂಧವಿಲ್ಲ. ಹದಿನಾಲ್ಕು ಹದಿನಾಲ್ಕಾಗಿಯೇ ಉಳಿಯಿತು.

ಹಾಗಾಗಿ ಮೊದಲ ಖರ್ಚು ರಿಪೀಟರ್, ರೌಟರಿನ ವೈಫೈ ಹಿಡಿದು ಮುಂದಕ್ಕೆ ದಾಟಿಸುವ ಪುಟ್ಟ ಪೆಟ್ಟಿಗೆ. ಮಟ್ಟಿಲಿನ ತಿರುವಿನಲ್ಲಿದ್ದ ಪ್ಲಗ್ಗಿಗೆ ಸಿಕ್ಕಿಸಿದೆ. ಮೇಲೆ ವೈಫೈ ಕಡ್ಡಿ ಪೂರ್ತಿ ಬಂತು, ನನಗೂ ಖುಷಿಯಾಯಿತು. ಅಳೆದರೆ 40ರ ಆಸುಪಾಸು. ಅಗ್ಗದ ರಿಪೀಟರಿಗೆ ಇರುವುದು ಒಂದೇ ಬಾಯಿ, ಒಂದೇ ಕಿವಿ: ರೌಟರ್ ಹೇಳಿದ್ದನ್ನು ಕೇಳಿಸಿಕೊಂಡು, ಅದೇ ಚಾನೆಲ್‌ನಲ್ಲಿ ತಿರುಗಿ ನನಗೆ ಹೇಳಬೇಕು. ವೇಗ ಅರ್ಧಕ್ಕರ್ಧ ಅಲ್ಲಿಯೇ ಹೋಯಿತು. ಕಡ್ಡಿ ತೋರಿಸುವುದು ನಿಮಗೂ ರಿಪೀಟರಿಗೂ ನಡುವಿನ ಸಂಬಂಧವನ್ನು, ರಿಪೀಟರಿಗೂ ರೌಟರಿಗೂ ನಡುವಿನದನ್ನಲ್ಲ. ಇನ್ನೊಂದು ತಾಪತ್ರಯ ಕರೆಂಟಿನದು. ರೌಟರ್ ಇನ್ವರ್ಟರ್ ಲೈನಿನಲ್ಲಿದೆ, ಮಟ್ಟಿಲಿನ ಪ್ಲಗ್ ಇಲ್ಲ. ಕರೆಂಟ್ ಹೋದಾಗಲೆಲ್ಲ ಕೆಳಗೆ ನೆಟ್ ಇರುತ್ತಿತ್ತು, ಮೇಲೆ ನಾನು ಮೊಬೈಲಿನ ಹಾಟ್‌ಸ್ಪಾಟ್ ಹುಡುಕುತ್ತಿದ್ದೆ.

ಎರಡನೆಯದು 5 ಗಿಗಾಹರ್ಟ್ಸ್ ವೈಫೈ ಹಿಡಿಯುವ ಯುಎಸ್‌ಬಿ ಡಾಂಗಲ್, ಕಂಪ್ಯೂಟರಿಗೆ ಚುಚ್ಚುವ ಪುಟ್ಟ ವೈಫೈ ತುಂಡು. ನನ್ನ ಹಳೇ ಕಂಪ್ಯೂಟರಿಗೆ 2.4 ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಅಳಿಯ ಫೋನಿನಲ್ಲಿ ತೋರಿಸಿದ: ನಮ್ಮ ಬೀದಿಯಲ್ಲಿ ಹತ್ತೊಂಬತ್ತು ವೈಫೈ, ಎಲ್ಲವೂ ಆ 2.4ರಲ್ಲೇ. ಅಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಇರುವುದು ಮೂರೇ, 1, 6 ಮತ್ತು 11. ಸಂಜೆ ಎಲ್ಲರ ಮನೆಯಲ್ಲೂ ಸೀರಿಯಲ್ಲು, ಕ್ರಿಕೆಟ್ಟು ಶುರುವಾದರೆ ನಮ್ಮ ಪಾಲಿಗೆ ಉಳಿಯುವುದೇನು? 5ರಲ್ಲಿ ಜಾಗ ಧಾರಾಳ, ಆದರೆ ಗೋಡೆ ಕಂಡರೆ ಅದಕ್ಕೆ ಆಗದು. ಡಾಂಗಲ್ಲನ್ನು ಸಿಪಿಯು ಹಿಂದೆ ಚುಚ್ಚಿದಾಗ 45. ತಗಡಿನ ಡಬ್ಬದ ಬೆನ್ನಿಗೆ ಅಂಟಿಕೊಂಡು ಅದಾದರೂ ಏನು ಮಾಡೀತು! ಒಂದು ಯುಎಸ್‌ಬಿ ಎಕ್ಸ್‌ಟೆನ್ಶನ್ ಹಾಕಿ ಮೇಜಿನ ಮೇಲೆ, ಬಾಗಿಲಿನ ಕಡೆ ಮುಖ ಮಾಡಿ ಇಟ್ಟಾಗ 90. ಕೆಳಗೆ ರೌಟರನ್ನು ಬೀರುವಿನ ಮರೆಯಿಂದ ಎರಡಡಿ ಸರಿಸಿದ ಮೇಲೆ 120. ಆ ಎರಡಡಿಗೆ ಖರ್ಚಾದದ್ದು ಸೊನ್ನೆ, ಅಮ್ಮನ ಜೊತೆ ಹತ್ತು ನಿಮಿಷದ ವಾದ ಬಿಟ್ಟರೆ. ಬಾಡಿಗೆ ಮನೆಯವರಿಗೆ, ಗೋಡೆ ಕೊರೆಯಲಾಗದವರಿಗೆ ನಾನು ಹೇಳುವುದು ಇದನ್ನೇ.

ನಾನು ಅಲ್ಲಿಗೆ ನಿಲ್ಲಬಹುದಿತ್ತು. ಆದರೆ ಬಾಗಿಲು ಹಾಕಿದರೆ 70ಕ್ಕೆ ಇಳಿಯುವುದು, ವಿಡಿಯೊ ಕಾಲ್ ನಡುವೆ ಒಂದು ಕ್ಷಣ ಮುಖ ಕಲ್ಲಾಗುವುದು ತಪ್ಪಲಿಲ್ಲ.

ಮೂರನೆಯದು ವೈರು. ಇಪ್ಪತ್ತೈದು ಮೀಟರ್ ಕ್ಯಾಟ್ 6 ಕೇಬಲ್, ಕಿಟಕಿಯಿಂದ ಹೊರಗೆ, ಗೋಡೆಗುಂಟ ಮೇಲಕ್ಕೆ. ನಮ್ಮೂರ ಬಿಸಿಲಿಗೆ ಒಳಾಂಗಣದ ಕೇಬಲ್ಲಿನ ಸಿಪ್ಪೆ ಗರಿಗರಿಯಾಗಿ ಒಡೆಯುತ್ತದೆ, ಅದಕ್ಕೇ ಕರೆಂಟಿನವರು ಹಾಕುವ ಪಿವಿಸಿ ಪೈಪಿನೊಳಗೆ ಎಳೆಸಿದೆ. ಕೇಬಲ್ ಹುಡುಗ ಎರಡೂ ತುದಿಗೆ ಜ್ಯಾಕ್ ಒತ್ತಿ, ದುಡ್ಡು ತಗೊಂಡು ಹೋದ. ಅಳೆದರೆ 94. ಮತ್ತೆ ಅಳೆದರೂ 94, ರಾತ್ರಿ ಹನ್ನೆರಡಕ್ಕೂ 94. ವೈಫೈ ಕೊಟ್ಟ 120ಕ್ಕಿಂತ ಕಡಿಮೆ!

ಹುಡುಗನಿಗೆ ಫೋನ್ ಮಾಡಿದೆ. "ಅಣ್ಣ, ನೆಟ್ ಬರ್ತಾ ಐತಲ್ಲ, ಇನ್ನೇನು?"

ಅಲುಗದೆ ನಿಂತ ಆ 94ರಲ್ಲೇ ಉತ್ತರ ಇತ್ತು. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಈಥರ್‌ನೆಟ್ ತೆರೆದು ಲಿಂಕ್ ಸ್ಪೀಡ್ ನೋಡಿದರೆ 100/100. ಕೇಬಲ್ಲಿನಲ್ಲಿ ಎಂಟು ತಂತಿ ಇರುತ್ತವೆ. 100 ಎಂಬಿಪಿಎಸ್‌ಗೆ ನಾಲ್ಕೇ ಸಾಕು, ಕಿತ್ತಳೆ ಜೋಡಿ ಮತ್ತು ಹಸಿರು ಜೋಡಿ. ಗಿಗಾಬಿಟ್, ಅಂದರೆ 1000 ಎಂಬಿಪಿಎಸ್, ಓಡಬೇಕಾದರೆ ಎಂಟೂ ಬೇಕು. ಒಂದು ಕೈಕೊಟ್ಟರೂ ಸಾಮಾನ್ಯವಾಗಿ ಸಂಪರ್ಕ ಸದ್ದಿಲ್ಲದೆ 100ಕ್ಕೆ ಇಳಿದು ಕೂರುತ್ತದೆ, ಅದರಲ್ಲಿ ನಮ್ಮ ಕೈಗೆ ಹತ್ತುವುದು ಹೆಚ್ಚೆಂದರೆ 94, 95. ಮೇಲಿನ ತುದಿಯ ಜ್ಯಾಕನ್ನು ಕಳಚಿ ಟ್ಯೂಬ್‌ಲೈಟಿಗೆ ಎತ್ತಿ ಹಿಡಿದೆ. ಪ್ಲಾಸ್ಟಿಕ್ಕಿನ ಮೂತಿಯಲ್ಲಿ ಏಳು ತಾಮ್ರದ ಚುಕ್ಕೆ ಮಿನುಗುತ್ತಿದ್ದವು. ಎಂಟನೆಯ ಕಂದು ತಂತಿ ಒಂದು ಅಕ್ಕಿಕಾಳಿನಷ್ಟು ಹಿಂದೆಯೇ ನಿಂತುಬಿಟ್ಟಿತ್ತು, ಪಿನ್ನಿಗೆ ತಾಗೇ ಇಲ್ಲ.

ಹುಡುಗ ಬಂದು, ನೋಡಿ, ನಾಲಿಗೆ ಕಚ್ಚಿಕೊಂಡು ಹೊಸ ಜ್ಯಾಕ್ ಒತ್ತಿಕೊಟ್ಟ. 1000/1000. ಅಳೆದರೆ 196. ಬಾಗಿಲು ಹಾಕಿದರೂ 196, ಮಳೆ ಬಂದರೂ 196. ರೌಟರಿಗೆ ಪಿಂಗ್ ಹೊಡೆದರೆ, ಅಂದರೆ 'ಇದ್ದೀಯಾ' ಅಂತ ಕೂಗಿದರೆ, ಒಂದು ಮಿಲಿಸೆಕೆಂಡಿನೊಳಗೆ ಉತ್ತರ. ರಿಪೀಟರ್ ಇದ್ದಾಗ ಅದು ಐದಕ್ಕೂ ಅರವತ್ತಕ್ಕೂ ಕುಣಿಯುತ್ತಿತ್ತು. ಪೈಪು, ಕೂಲಿ ಎಲ್ಲ ಸೇರಿಸಿದರೂ ರಿಪೀಟರಿಗಿಂತ ಅಗ್ಗವಾಯಿತು. ವೈರ್ ಹಾಕಿಸುವವರು ರೌಟರಿನ ತೂತನ್ನೂ ನೋಡಿಕೊಳ್ಳಿ: ಕೆಲವು ಪೆಟ್ಟಿಗೆಗಳಲ್ಲಿ ನಾಲ್ಕು ಪೋರ್ಟ್ ಇದ್ದರೂ ಗಿಗಾಬಿಟ್ ಒಂದೇ.

ರಿಪೀಟರ್ ಈಗ ಅಡುಗೆಮನೆ ಹಿಂದಿನ ಕಟ್ಟೆ ಕಡೆಗಿದೆ, ಅಮ್ಮನ ಫೋನಿನ ಭಜನೆಗೆ 40 ಬೇಕಾದಷ್ಟಾಯಿತು. ಡಾಂಗಲ್ಲನ್ನು ಅಳಿಯ ಹಾಸ್ಟೆಲಿಗೆ ಒಯ್ದ.

ಮೊನ್ನೆ 20ನೇ ತಾರೀಕು, ಜಿಎಸ್‌ಟಿಯ ತಿಂಗಳ 3ಬಿ ರಿಟರ್ನ್ ಹಾಕುವ ಕಡೇ ದಿನ, ಸಂಜೆ ಜಿಎಸ್‌ಟಿ ಪೋರ್ಟಲ್ ಗಿರಗಿರ ಸುತ್ತುತ್ತ ಕೂತಿತು. ಅಳೆದೆ: 196. ಬೇರೆ ಸೈಟೆಲ್ಲ ಪಟಪಟ ತೆರೆಯುತ್ತಿವೆ. ಇದು ನಮ್ಮ ಮನೆಯ ಕಾಯಿಲೆಯಲ್ಲ, ಇದಕ್ಕೆ ನನ್ನ ಹತ್ತಿರ ಜ್ಯಾಕ್ ಇಲ್ಲ. 17ಕ್ಕೇ ಬಿಲ್ ತಂದುಕೊಡಿ ಅಂತ ಅಂಗಡಿಯವರಿಗೆ ಹೇಳಿದ್ದೇನೆ. ತಂದುಕೊಡುವುದು 20ಕ್ಕೇ.